ಎಡಗೈ ಅಲ್ಲೇನು, ಬಿಡ್ರಿ!

ನಮ್ಮ ಕಾಕಾನಿಗೆ ಲಕ್ವ ಹೊಡೆದದ್ದು ಕಡಲೆ ಬಿತ್ತುವ ದಿನಗಳಲ್ಲಿ. ಮಾತಾಡಿಸಿಕೊಂಡು ಹೋಗಲು ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: “ಯಾವ ಮಗ್ಗಲಾ?” ಎಡಮಗ್ಗುಲು ಎಂದು ಗೊತ್ತಾದ ಕೂಡಲೇ ಬಂದವರ ಮುಖ ಸಡಿಲಾಗುತ್ತಿತ್ತು. “ಎಡಗೈ ಅಲ್ಲೇನು, ಬಿಡ್ರಿ! ಬಲಗೈ ಹೋಗಿದ್ರ ಏನ್ ಮಾಡ್ತಿದ್ರಿ?” ಎಂದು ನಮಗೆ ಧೈರ್ಯ ಹೇಳಿ, ಚಹಾ ಕುಡಿದು, ತಮ್ಮ ಬಳಗದಲ್ಲಿ ಯಾರೋ ಒಬ್ಬರು ಲಕ್ವ ಹೊಡೆದು ಹದಿನೈದು ದಿನಕ್ಕೆ ತೀರಿಕೊಂಡ ಕಥೆಯನ್ನು ಕಾಕಾನ ಎದುರಿಗೇ ಪೂರ್ತಿ ಹೇಳಿ ಏಳುತ್ತಿದ್ದರು. ಅವರು ತಂದ ಬಿಸ್ಕೀಟು ಪುಡಿಕೆಗಳಿಂದ ನಮ್ಮ ಮನೆಯ ಹುಡುಗರು ಒಂದು ತಿಂಗಳು ಸುಖವಾಗಿದ್ದರು.

ನಮ್ಮೂರು ಕುಬಿಹಾಳ ಅಂತಲ್ಲ, ಎಲ್ಲಿ ಹೋದರೂ ನಮ್ಮ ಜನರಲ್ಲಿ ಎಡಗೈಗೆ ಮರ್ಯಾದೆ ಕಡಿಮೆ. ಎಡಗೈಯಲ್ಲಿ ರೊಕ್ಕ ಕೊಡಬಾರದು, ಪ್ರಸಾದ ತಗೋಬಾರದು. ಬೀಗರಿಗೆ ಎಡಗೈಯಿಂದ ಚಹಾ ಕಪ್ಪು ಕೊಟ್ಟರೆ ಮೊಮ್ಮಗನ ಜವಳದ ತನಕ ಅದನ್ನು ನೆನಪಿಟ್ಟುಕೊಳ್ಳುತ್ತಾರೆ. ಹೀಗಾಗಿ ಅದು ಹೋದರೆ ಹೋಯಿತು, ಮನೆಯ ಹಿತ್ತಲ ಬಾಗಿಲು ಮುರಿದಷ್ಟೇ ಎಂಬ ಭಾವನೆ ನನಗೂ ಇತ್ತು. ಅದು ತಪ್ಪೆಂದು ಗೊತ್ತಾದದ್ದು ಕಾಕಾ ತನ್ನ ಚಂಚಿ ಬಿಚ್ಚಿದ ದಿನ.

ತಂಬಾಕು ಬಿಡಬೇಕೆಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಬಿ.ಪಿ. ಗುಳಿಗೆ ತಪ್ಪಿಸಬಾರದು, ಉಪ್ಪು ಕಡಿಮೆ, ತಂಬಾಕು ಪೂರಾ ಬಂದ್. ಆದರೂ ಊರಿಗೆ ಬಂದ ಮೂರನೇ ದಿನ ಕಾಕಾ ಯಾರಿಗೂ ಕಾಣದಂತೆ ದಿಂಬಿನ ಕೆಳಗಿನಿಂದ ಚಂಚಿ ಎಳೆದುಕೊಂಡ. ಬಲಗೈಯಿಂದ ತಂಬಾಕು ತೆಗೆದ, ಸುಣ್ಣದ ಡಬ್ಬಿ ಹಲ್ಲಿನಿಂದ ಬಿಚ್ಚಿದ. ಆಮೇಲೆ ಸುಮ್ಮನೆ ಕೂತ. ತಂಬಾಕು ತಿಕ್ಕಲು ಅಂಗೈ ಬೇಕು. ಆ ಅಂಗೈ ಎಡಗೈಯದು. ಅದು ಮುಷ್ಟಿಯಾಗಿ ಎದೆಗೆ ಅಂಟಿಕೊಂಡಿತ್ತು, ಬಿಚ್ಚಲು ಹೋದರೆ ಇನ್ನೂ ಬಿಗಿಯಾಗುತ್ತಿತ್ತು. ಐವತ್ತು ವರ್ಷ ಆ ಅಂಗೈ ದಿನಕ್ಕೆ ಹತ್ತು ಸಲ ತಂಬಾಕಿಗೆ ತಟ್ಟೆಯಾಗಿ ನಿಂತಿತ್ತು. ಕಾಕಾ ಅತ್ತುಬಿಟ್ಟ.

ಅಳುವಿನ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ಲಕ್ವ ಆದ ಕೆಲವರಿಗೆ ಅಳು, ನಗು ಎರಡರ ಕೀಲೂ ಸಡಿಲಾಗುತ್ತದೆ. ಅದು ಮಿದುಳಿನ ಗಾಯದ್ದೇ ಕೆಲಸ. ಕಾಕಾ ಬಸ್ಸು ತಡ ಎಂದರೂ ಅಳುತ್ತಿದ್ದ, ಎಮ್ಮೆ ಈದದ್ದಕ್ಕೂ ಅತ್ತಿದ್ದ. ಪ್ರತಿ ಸಲ ನಾವು ಹೌಹಾರಿ ಸುತ್ತ ಸೇರುತ್ತಿದ್ದೆವು. “ಏನಿಲ್ಲೋ, ಹಂಗಽ ಬರ್ತೈತಿ” ಎಂದು ಅವನೇ ನಮ್ಮನ್ನು ಸಮಾಧಾನ ಮಾಡುತ್ತಿದ್ದ. ತಂಬಾಕಿನ ದಿನ ಮಾತ್ರ ಹಾಗೆ ಅನ್ನಲಿಲ್ಲ.

ನಮ್ಮ ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಬೆಳಿಗ್ಗೆ ಅವನ ಬಾಯಿ ಸೊಟ್ಟಗಾಗಿ ಕೈ ಜೋತುಬಿದ್ದಾಗ ನಾವು 108ಕ್ಕೆ ಫೋನು ಮಾಡಲಿಲ್ಲ. ಜೀಪು ಮಾಡಿಕೊಂಡು ಲಕ್ವಕ್ಕೆ ಎಣ್ಣೆ ಕೊಡುವವರ ಊರಿಗೆ ಓಡಿದೆವು. ಪಾರಿವಾಳದ ರಕ್ತ ಹಚ್ಚಿದರೆ ಆಗುತ್ತದೆ ಎಂದು ದಾರಿಯಲ್ಲಿ ಒಬ್ಬ ಹಿರಿಯರು ಸಲಹೆ ಕೊಟ್ಟರು, ಅದಕ್ಕೂ ಅರ್ಧ ಮನಸ್ಸು ಮಾಡಿದ್ದೆವು. ಹುಬ್ಬಳ್ಳಿ ಮುಟ್ಟುವಾಗ ಸಂಜೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ತಾಸಿನೊಳಗೆ ಬೀಳಬೇಕಂತೆ. ಅಷ್ಟು ಹೊತ್ತು ನಾವು ಎಣ್ಣೆ ತಿಕ್ಕುತ್ತ ಇದ್ದೆವು. ಪಾರಿವಾಳ ಬದುಕಿತು ಎಂಬುದೊಂದೇ ಆ ದಿನದ ಲಾಭ.

ಇರಲಿ. ಮಾತಿಗೆ ಬಂದದ್ದು ಕೈ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಫಿಜಿಯೋಥೆರಪಿ ಮಾಡಿಸಿದ ಮೇಲೆ, “ಆಕ್ಯುಪೇಶನಲ್ ಥೆರಪಿ ಅಂತಿದೆ, ವಾರಕ್ಕೆ ಎರಡು ದಿನ ಕರಕೊಂಡು ಬನ್ನಿ” ಎಂದರು. ಕನ್ನಡದಲ್ಲಿ ಇದಕ್ಕೆ ಔದ್ಯೋಗಿಕ ಚಿಕಿತ್ಸೆ ಎನ್ನುತ್ತಾರೆ. ನಾನು ಜಂಬದಿಂದ ಊರಲ್ಲಿ ಹಾಗೆಯೇ ಹೇಳಿದೆ. ಮರುದಿನವೇ ಇಬ್ಬರು ಬಂದು ಕೇಳಿದರು: “ಉದ್ಯೋಗ ಖಾತ್ರಿ ಒಳಗ ಬರ್ತೈತೇನ್ರಿ ಅದು? ಜಾಬ್ ಕಾರ್ಡ್ ಬೇಕೇನು?” ಕಾಯಕ ಚಿಕಿತ್ಸೆ ಅಂದಿದ್ದರೆ ತಿಳಿಯುತ್ತಿತ್ತೇನೋ ಎಂದೆ. ಕಾಕಾ ಹಾಸಿಗೆಯಿಂದಲೇ ಅಂದ: “ಬ್ಯಾಡೋ ತಮ್ಮಾ. ಕಾಯಕದ ಹಿಂದಽ ಕೈಲಾಸ ಬರ್ತೈತಿ.”

ಎರಡೂ ಚಿಕಿತ್ಸೆಗೆ ಇರುವ ಫರಕು ನನಗೆ ತಿಳಿದದ್ದು ಇಷ್ಟು. ಫಿಜಿಯೋದವರು ಭುಜ ಎತ್ತು, ಮೊಣಕೈ ಮಡಚು, ಹೆಜ್ಜೆ ಇಡು ಎನ್ನುತ್ತಾರೆ. ಇವರು ಅಂಗಿ ತೊಡು, ಗುಂಡಿ ಹಾಕು, ತಂಬಿಗೆ ಹಿಡಿ, ನೀರು ಬಗ್ಗಿಸು ಎನ್ನುತ್ತಾರೆ. ದಿನದ ಬದುಕೇ ಇಲ್ಲಿ ಕಸರತ್ತು. ಮಣಿಪಾಲದಂಥ ಕಡೆ ಇದನ್ನು ಕಲಿಸುವ ಕಾಲೇಜುಗಳಿವೆ, ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಈ ವಿದ್ಯೆಯವರು ಸಿಗುವುದು ಅಪರೂಪ.

ನಮಗೆ ಸಿಕ್ಕವಳು ಕರಾವಳಿ ಕಡೆಯ ಹುಡುಗಿ. ದೊಡ್ಡ ಮೇಜಿನ ಸುತ್ತ ಆರು ಮಂದಿಯನ್ನು ಕೂಡಿಸುತ್ತಿದ್ದಳು. ಆರು ಮಂದಿಗೂ ಲಕ್ವ. ಒಬ್ಬನ ಎಡಗೈ, ಒಬ್ಬಳ ಬಲಗೈ, ಒಬ್ಬನ ಮಾತು. ಮೊದಲ ದಿನ ಮೇಜಿನ ಮೇಲೆ ಬಣ್ಣದ ಪ್ಲಾಸ್ಟಿಕ್ ಲೋಟ, ಗೂಟ, ಚೆಂಡು. ಒಂದರ ಮೇಲೊಂದು ಇಡಬೇಕು. ಕಾಕಾ ಮುಖ ತಿರುವಿದ. “ಅಂಗನವಾಡಿಗೆ ಹಾಕೀರೇನು ನನ್ನ?” ಎಂದ. ಹುಡುಗಿ ಬೇಸರಿಸದೆ ಕೇಳಿದಳು: “ಅಜ್ಜ, ನೀವು ಊರಲ್ಲಿ ಎಂತ ಕೆಲಸ ಮಾಡುದು?” ಕಾಕಾನಿಗೆ ಸಿಟ್ಟು ನೆತ್ತಿಗೇರಿತು. “ಎಂಥಾ ಕೆಲಸ ಅಂದ್ರ? ಛೊಲೊ ಕೆಲಸನಽ ಮಾಡ್ತೇನಿ. ಕಳ್ಳತನ ಮಾಡಿಲ್ಲ!” ಆ ಕಡೆಯ ‘ಎಂತ’ ಎಂದರೆ ನಮ್ಮ ‘ಏನು’ ಎಂದು ನಾನು ತಿಳಿಸಿ ಹೇಳುವಷ್ಟರಲ್ಲಿ ಮೇಜಿನ ಸುತ್ತಲಿನ ಐದೂ ಮಂದಿ ನಗುತ್ತಿದ್ದರು. ಸೊಟ್ಟ ಬಾಯಿಗಳ ನಗು. ತಿಂಗಳ ಮೇಲೆ ಕಾಕಾ ಕೂಡ ನಕ್ಕ.

ಆಮೇಲೆ ಅವಳು ಕೇಳಿದ ಪ್ರಶ್ನೆಗೆ ನಾನು ಈಗಲೂ ತಲೆದೂಗುತ್ತೇನೆ. ನಿಮಗೆ ಯಾವ ಕೆಲಸ ತಿರುಗಿ ಮಾಡಬೇಕು ಅನ್ನಿಸುತ್ತದೆ? ಕಾಕಾ ನನ್ನ ಮುಖ ನೋಡಿದ, ನೆಲ ನೋಡಿದ, ಕಡೆಗೆ ಹೇಳಿದ: “ತಂಬಾಕ ತಿಕ್ಕಬೇಕ್ರಿ.” ಬೈಸಿಕೊಳ್ಳುತ್ತಾನೆ ಎಂದುಕೊಂಡೆ. ಹುಡುಗಿ ಮರುವಾರ ಒಂದು ಡಬ್ಬಿಯಲ್ಲಿ ಅಜವಾನ ತಂದಳು. ತಿನ್ನುವುದು ಇದು, ತಿಕ್ಕುವುದು ಮಾತ್ರ ತಂಬಾಕಿನ ಹಾಗೆ. ಅವಳು ಆ ಕೆಲಸವನ್ನು ಗಡಿಯಾರ ಬಿಚ್ಚಿದಂತೆ ಬಿಚ್ಚಿಟ್ಟಳು. ಮೊದಲು ಮುಷ್ಟಿ ತೆರೆಯಬೇಕು. ಅಂಗೈ ಆಕಾಶಕ್ಕೆ ತಿರುಗಬೇಕು. ಬೆರಳು ಒಂದಿಷ್ಟು ಮಡಚಿ ಬಟ್ಟಲಾಗಬೇಕು. ಇನ್ನೊಂದು ಕೈಯ ಹೆಬ್ಬೆರಳು ಒತ್ತುವಾಗ ಇದು ಬಗ್ಗದೆ ತಡೆದುಕೊಳ್ಳಬೇಕು. ಕಡೆಗೆ ಧೂಳು ಹಾರಿಸುವ ಆ ಚಪ್ಪಾಳೆ. ನಾವು ಕೆಟ್ಟ ಚಟ ಎಂದು ಬೈಯುತ್ತಿದ್ದುದರೊಳಗೆ ಇಷ್ಟೆಲ್ಲ ವಿದ್ಯೆ ಇತ್ತು. ಪ್ಲಾಸ್ಟಿಕ್ ಲೋಟಕ್ಕೆ ಬಗ್ಗದ ಮುಷ್ಟಿ ಅಜವಾನಕ್ಕೆ ಒಂಬತ್ತನೇ ಸಲಕ್ಕೆ ಅರ್ಧ ಬಿಚ್ಚಿತು.

ಈ ವಿದ್ಯೆಯನ್ನು ಕಟ್ಟಿದವರಲ್ಲೂ ಒಬ್ಬ ರೋಗಿ ಇದ್ದ. ಅಮೆರಿಕದ ಜಾರ್ಜ್ ಬಾರ್ಟನ್ ಎಂಬ ವಾಸ್ತುಶಿಲ್ಪಿಗೆ ಕ್ಷಯವಿತ್ತು, ಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಎಡಮಗ್ಗುಲು ಸ್ವಾಧೀನ ತಪ್ಪಿತು. ತೋಟದ ಕೆಲಸ, ಬಡಗಿ ಕೆಲಸ ಮಾಡುತ್ತ ಅವನು ತನ್ನ ಕೈಯನ್ನು ತಾನೇ ತಿದ್ದಿಕೊಂಡ. 1914ರಲ್ಲಿ ನ್ಯೂಯಾರ್ಕ್ ಸೀಮೆಯ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಒಂದು ಮನೆ ತೆಗೆದು ಬೇರೆಯವರಿಗೂ ಹಾಗೆಯೇ ಕೆಲಸ ಕೊಡಲು ತೊಡಗಿದ. 1917ರಲ್ಲಿ ಅದೇ ಮನೆಯಲ್ಲಿ ಬೆರಳೆಣಿಕೆಯ ಮಂದಿ ಕೂತು ಇದಕ್ಕೊಂದು ಸಂಘ ಕಟ್ಟಿದರು. “ಅವಂದೂ ಎಡಗೈನಽ?” ಎಂದು ಕಾಕಾ ಕೇಳಿದ. ಹೌದೆಂದೆ. “ಹಂಗಾರ ಅವಗೂ ಮಂದಿ ಬಂದು ‘ಬಿಡ್ರಿ’ ಅಂದಿರಬೇಕು.”

ನಮ್ಮ ದೇಶಕ್ಕೆ ಇದನ್ನು ತಂದವರ ಕಥೆ ಕಾಕಾನಿಗೆ ಇನ್ನೂ ಸೇರಿತು, ಯಾಕೆಂದರೆ ಅದರಲ್ಲಿ ಕುಸುಬೆ ಬರುತ್ತದೆ. ಅಮೆರಿಕದಲ್ಲಿ ಹುಟ್ಟಿ, ನಿಂಬಕರ್ ಮನೆತನಕ್ಕೆ ಸೊಸೆಯಾಗಿ ಬಂದು ಕಮಲಾ ಆದ ಹೆಣ್ಣುಮಗಳು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಶನಲ್ ಥೆರಪಿ ಶಾಲೆ ತೆರೆದರು. ಅವರ ಮಗ ಬಿ.ವಿ. ನಿಂಬಕರ್ ಫಲಟಣದಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಕಟ್ಟಿದರು. ಅಲ್ಲಿ ಕುಸುಬೆಯ ಮೇಲೆ ದೊಡ್ಡ ಕೆಲಸ ನಡೆಯಿತು, ಮುಳ್ಳಿಲ್ಲದ ತಳಿಯನ್ನೂ ತಂದರು. ನಮ್ಮ ಎರೆಭೂಮಿಯ ಹೊಲದಲ್ಲಿ ಅಕ್ಕಡಿ ಸಾಲಿಗೆ ಕುಸುಬೆ ಹಾಕಿ, ಅದನ್ನು ಕೀಳುವಾಗ ಕೈಗೆ ಅರಿವೆ ಸುತ್ತಿಕೊಂಡರೂ ರಕ್ತ ಬರಿಸಿಕೊಂಡವರಿಗೇ ಗೊತ್ತು ಆ ಮುಳ್ಳಿನ ಮಹಿಮೆ. ಕಾಕಾ ಬಹಳ ಹೊತ್ತು ವಿಚಾರ ಮಾಡಿ ಹೇಳಿದ: “ಆ ಮನಿತನಕ್ಕ ಮಂದೀ ಕೈಯ ಚಿಂತಿ ಭಾಳ ಐತಿ ನೋಡು.”

ಆರು ಮಂದಿಯನ್ನು ಒಟ್ಟಿಗೆ ಯಾಕೆ ಕೂಡಿಸುತ್ತಾರೆ? ಥೆರಪಿ ಮಾಡುವವರು ಕಡಿಮೆ, ರೋಗಿಗಳು ಹೆಚ್ಚು, ಅದಕ್ಕೇ ಇರಬೇಕು ಎಂದು ಮೊದಲು ನಾನು ಲೆಕ್ಕ ಹಾಕಿದ್ದೆ. ಆ ಲೆಕ್ಕವೂ ಸುಳ್ಳಲ್ಲ. ಆದರೆ ಮೇಜಿನ ಬದಿಗೆ ಕೂತು ನೋಡುತ್ತ ಹೋದಂತೆ ಬೇರೆ ಸಂಗತಿ ಕಂಡಿತು. ಮನೆಯಲ್ಲಿ ನಮಗೆ ಕಾಕಾನ ಮೇಲೆ ಪ್ರೀತಿ. ಪ್ರೀತಿಯಿಂದ ನಾವು ಅವನ ಕೈಯ ಕೆಲಸವನ್ನೆಲ್ಲ ಕಸಿದುಕೊಂಡಿದ್ದೆವು. ಚಿಗವ್ವ ತುತ್ತು ಮಾಡಿ ಬಾಯಿಗಿಡುತ್ತಿದ್ದಳು, ನಾನು ಅಂಗಿ ತೊಡಿಸುತ್ತಿದ್ದೆ. ತಂಬಿಗೆಗೆ ಕೈ ಚಾಚಿದರೆ ನಾಲ್ಕು ಮಂದಿ ಓಡಿ ಬಂದು, “ನೀ ಸುಮ್ಮ ಕೂಡ್ರು” ಎನ್ನುತ್ತಿದ್ದೆವು. ಈ ಮೂರು ಶಬ್ದಕ್ಕೆ ಲಕ್ವದಷ್ಟೇ ಬಲವಿದೆ ಎಂದು ಈಗ ಅನ್ನಿಸುತ್ತದೆ. ಮಿದುಳು ಬಳಸಿದ ದಾರಿಯನ್ನು ಉಳಿಸಿಕೊಳ್ಳುತ್ತದೆ, ಬಳಸದ್ದನ್ನು ಹೊಲದ ಹಳೆಯ ಕಾಲುದಾರಿಯಂತೆ ಕರಿಕೆಗೆ ಬಿಟ್ಟುಕೊಡುತ್ತದೆ.

ಮೇಜಿನ ಸುತ್ತ ಆ ಪ್ರೀತಿ ಇರಲಿಲ್ಲ. ಎಲ್ಲರದೂ ಒಂದೇ ಗತಿ, ಯಾರಿಗೆ ಯಾರ ಮೇಲೆ ಕನಿಕರ? ಒಬ್ಬನ ಚೆಂಡು ಬಿದ್ದರೆ ಉಳಿದವರು ನಗುತ್ತಿದ್ದರು. ಕಾಕಾನಿಗಿಂತ ಒಂದು ತಿಂಗಳು ಮುಂಚೆ ಬಿದ್ದು ಈಗ ಲೋಟ ಎತ್ತುವವನು ಎದುರಿಗೇ ಇದ್ದ. ಡಾಕ್ಟರು “ಆಗುತ್ತೆ” ಎಂದಾಗ ನಂಬದ ಕಾಕಾ ಅವನ ಲೋಟ ನೋಡಿ ನಂಬಿದ.

ಕಾಕಾನಿಗೆ ಇನ್ನೊಂದು ವಿಚಿತ್ರವಿತ್ತು, ಅದು ಬಯಲಾದದ್ದೂ ಅಲ್ಲೇ. ಮನೆಯಲ್ಲಿ ತಾಟಿನ ರೊಟ್ಟಿ ಸರಿಯಾಗಿ ಅರ್ಧ ಉಳಿಯುತ್ತಿತ್ತು. ಹಸಿವು ಸತ್ತಿದೆ ಎಂದು ಚಿಗವ್ವ ಹರಕೆ ಹೊತ್ತಿದ್ದಳು. ವಿಭೂತಿಯೂ ಹಣೆಯ ಬಲ ಅರ್ಧಕ್ಕೆ ಮಾತ್ರ. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆಯ ಜಗತ್ತೇ ಗಮನಕ್ಕೆ ಬರುವುದಿಲ್ಲವಂತೆ. ಕಣ್ಣು ನೆಟ್ಟಗಿರುತ್ತದೆ, ಲಕ್ಷ್ಯ ಇರುವುದಿಲ್ಲ. ಎಡಗಡೆ ಇಟ್ಟ ಲೋಟವನ್ನು ಕಾಕಾ ಮುಟ್ಟದೆ ಕೂತಾಗ ಎದುರಿನವನು ಗದರಿದ: “ಏ ಮಾರಾಯಾ, ಎಡಕ್ಕ ನೋಡು, ನಿಮ್ಮಪ್ಪನ ಆಸ್ತಿ ಅಲ್ಲೈತಿ!” ಆ ದಿನ ಮನೆಗೆ ಬಂದು ಚಿಗವ್ವ ತಾಟನ್ನು ಅರ್ಧ ಸುತ್ತು ತಿರುಗಿಸಿಟ್ಟಳು. ಕಾಕಾ ಉಳಿದ ಅರ್ಧ ರೊಟ್ಟಿ ತಿಂದು, “ಇವತ್ತ ಎರಡ ಮಾಡೀಯೇನು?” ಎಂದ.

ಕನ್ನಡಿಯ ಆಟವೂ ಇತ್ತು. ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಿ, ಒಳ್ಳೆಯ ಕೈ ಆಡಿಸುತ್ತ ಕನ್ನಡಿಯಲ್ಲಿ ನೋಡಿದರೆ ಕೆಟ್ಟ ಕೈಯೇ ಆಡಿದಂತೆ ಕಾಣುತ್ತದೆ. ವಿ.ಎಸ್. ರಾಮಚಂದ್ರನ್ ಎಂಬ ನಮ್ಮ ದಕ್ಷಿಣದ ಮೂಲದ ವಿಜ್ಞಾನಿ, ಕೈ ಕತ್ತರಿಸಿ ಹೋದ ಮೇಲೂ ಇಲ್ಲದ ಕೈ ನೋಯುವವರಿಗೆಂದು 1990ರ ದಶಕದಲ್ಲಿ ಹೂಡಿದ ಉಪಾಯ, ಆಮೇಲೆ ಲಕ್ವಕ್ಕೂ ಬಂತು. ಕಾಕಾ ಕನ್ನಡಿ ನೋಡಿ ಗಾಬರಿಯಾಗಿ ಕೈ ಎಳೆದುಕೊಂಡ. “ಸುಳ್ಳು ಹೇಳ್ತೈತಿ ಇದು” ಎಂದ. ನಿಜ. ಆದರೆ ಮಿದುಳು ಕೆಲವೊಮ್ಮೆ ಆ ಸುಳ್ಳನ್ನು ನಂಬುತ್ತದೆ.

ಹುಬ್ಬಳ್ಳಿಯ ತಿರುಗಾಟ ಬಹಳ ದಿನ ನಡೆಯಲಿಲ್ಲ. ಬಸ್ಸು, ಖರ್ಚು, ಜೊತೆಗೆ ಒಬ್ಬರ ದಿನದ ಪಗಾರ. ಕಡೆಯ ದಿನ ಹುಡುಗಿ ಒಂದು ಕಾಗದದ ಮೇಲೆ ಮನೆಯಲ್ಲಿ ಮಾಡುವ ಕೆಲಸ ಬರೆದುಕೊಟ್ಟು, “ನಿಮ್ಮೂರಲ್ಲಿ ಹೀಗಾದವರು ಬೇರೆ ಯಾರೂ ಇಲ್ವಾ?” ಎಂದಳು. ಇದ್ದರು. ಕಿರಾಣಿ ಅಂಗಡಿಯ ಅಜ್ಜ, ನಲವತ್ತು ತುಂಬದ ಟ್ರ್ಯಾಕ್ಟರ್ ಡ್ರೈವರ್, ಮೇಲೋಣಿಯ ಒಬ್ಬ ಅಕ್ಕ. ಕಾಕಾನೂ ಸೇರಿ ನಾಲ್ಕೂ ಮಂದಿ ನಾಲ್ಕು ಮನೆಯಲ್ಲಿ ನಾಲ್ಕು ಗೋಡೆ ನೋಡುತ್ತ ಕೂತಿದ್ದರು.

ಗುಡಿಕಟ್ಟೆಯ ಮೇಲೆ ಕೂಡಿಸೋಣ ಎಂದು ನನ್ನ ಯೋಜನೆ. ಎರಡೇ ದಿನಕ್ಕೆ ಅದು ಬಿದ್ದುಹೋಯಿತು. ಕಟ್ಟೆ ಎಂದರೆ ಗಂಡಸರ ಜಾಗ, ಅಕ್ಕ ಅಲ್ಲಿಗೆ ಹೇಗೆ ಬರಬೇಕು? ಹಾಗಾಗಿ ಅವಳ ಮನೆಯ ಪಡಸಾಲೆಯೇ ನಮ್ಮ ಆಸ್ಪತ್ರೆಯಾಯಿತು.

ಅಕ್ಕನ ಸಂಕಟ ಗಂಡಸರದ್ದಕ್ಕಿಂತ ಬೇರೆ. ಅವಳದು ಬಲಗೈ. ಮೂವತ್ತೈದು ವರ್ಷ ದಿನಕ್ಕೆ ನಲವತ್ತು ರೊಟ್ಟಿ ಬಡಿದ ಕೈ. “ಸೊಸಿ ಛೊಲೊ ಅದಾಳ್ರಿ, ಅದಽ ತ್ರಾಸು” ಎನ್ನುತ್ತಿದ್ದಳು. ಸೊಸೆ ಕೆಟ್ಟವಳಾಗಿದ್ದರೆ ಜಗಳವಾಡಿಯಾದರೂ ಒಲೆಯ ಮುಂದೆ ಕೂಡಬಹುದಿತ್ತು. ಒಳ್ಳೆಯವಳು, ಕುರ್ಚಿ ಹಾಕಿ ಕೂಡಿಸಿ ಟಿ.ವಿ. ಹಚ್ಚಿ ಹೋಗುತ್ತಿದ್ದಳು. ಅಕ್ಕ ತನ್ನ ಮನೆಯಲ್ಲೇ ಬೀಗರಂತೆ ಕೂತು ಒಂಬತ್ತು ತಿಂಗಳಾಗಿತ್ತು. ನಾವು ಅವಳಿಗೆ ತಣ್ಣಗಿನ ಕೊಣಮಿಗೆಯಲ್ಲಿ ಹಿಟ್ಟು ನಾದಲು ಕೊಟ್ಟೆವು. ಬಿಸಿ ಹಂಚಿನ ಹತ್ತಿರ ಬಿಡಲಿಲ್ಲ, ಸ್ಪರ್ಶ ಹೋದ ಕೈಗೆ ಸುಟ್ಟದ್ದು ತಿಳಿಯುವುದಿಲ್ಲ. ಈ ಪಾಠ ನಮಗೆ ಮೆಣಸಿನಕಾಯಿ ಕಲಿಸಿತ್ತು. ಸುಗ್ಗಿಯಲ್ಲಿ ನಾಲ್ವರೂ ಕೂತು ಬ್ಯಾಡಗಿ ಕಾಯಿಯ ತೊಟ್ಟು ಬಿಡಿಸುವಾಗ ಅಂಗಡಿ ಅಜ್ಜ ಅದೇ ಕೈಯಿಂದ ಕಣ್ಣು ಒರೆಸಿಕೊಂಡ. ಕೈಗೆ ಗೊತ್ತಾಗದ ಖಾರ ಕಣ್ಣಿಗೆ ಗೊತ್ತಾಯಿತು. ಮಾತೇ ಹೋಗಿದ್ದ ಅಜ್ಜನ ಬಾಯಿಂದ ಅಂದು ಒಂದು ಬೈಗುಳ ಸ್ಪಷ್ಟವಾಗಿ, ಒತ್ತಕ್ಷರ ಸಮೇತ ಹೊರಬಿತ್ತು. ಅದನ್ನು ಇಲ್ಲಿ ಬರೆಯುವಂತಿಲ್ಲ. ಪಡಸಾಲೆಯಲ್ಲಿ ಮಾತ್ರ ಹಬ್ಬ.

ಇದು ಪವಾಡವೇನೂ ಅಲ್ಲ. ಹೆಚ್ಚಿನವರಲ್ಲಿ ಮಾತಿನ ಮನೆ ಮಿದುಳಿನ ಎಡಭಾಗದಲ್ಲಿದೆ, ಅದಕ್ಕೇ ಬಲಮಗ್ಗುಲು ಬಿದ್ದವರಿಗೆ ಮಾತೂ ಹೋಗುವುದು ಹೆಚ್ಚು. ಆದರೆ ಬೈಗುಳ, ಎಣಿಕೆ, ಹಾಡು ಎಷ್ಟೋ ಸಲ ಉಳಿದಿರುತ್ತವೆ. ಅಜ್ಜ ನೀರು ಬೇಕು ಎನ್ನಲಾರ, ಆದರೆ ಸೋಮವಾರದ ಭಜನೆಯ ಪದಗಳನ್ನು ಪಲ್ಲವಿಯಿಂದ ಕಡೆಯ ತನಕ ಹೇಳುತ್ತಾನೆ. ಭಜನೆ ನಿಂತ ಕೂಡಲೇ ಮತ್ತೆ ಮೂಕ.

ಆಗೆಲ್ಲ ನನಗೆ ನಮ್ಮ ಕುಂದಗೋಳದವರೇ ಆದ ಸವಾಯಿ ಗಂಧರ್ವರ ನೆನಪಾಗುತ್ತದೆ. ಅಬ್ದುಲ್ ಕರೀಂ ಖಾನರ ಶಿಷ್ಯ, 1886ರಲ್ಲಿ ಹುಟ್ಟಿದ ರಾಮಭಾವು ಕುಂದಗೋಳಕರ. ಆ ಮಹಾಕಂಠಕ್ಕೂ 1940ರ ದಶಕದಲ್ಲಿ ಇದೇ ಲಕ್ವ ಬಡಿಯಿತು, ಕಚೇರಿಗಳು ನಿಂತವು. 1952ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ಎಂಬ ಶಿಷ್ಯರ ಕಂಠಗಳಲ್ಲಿ ಅವರ ಗಾಯನ ಮನೆ ಮಾಡಿತ್ತು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ರಾತ್ರಿಯಿಡೀ ನಡೆಯುತ್ತದೆ. ಅಲ್ಲಿ ಕೂತು ತಲೆದೂಗುವವರಲ್ಲಿ ಎಷ್ಟು ಮಂದಿಗೆ ಅವರ ಆ ಕಡೆಯ ವರ್ಷಗಳು ಗೊತ್ತೋ. ಸಂಗೀತಗಾರರ ಚರಿತ್ರೆ ಬರೆಯುವವರು ರೋಗವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಹಾಡುವ ದೇಹ ದಿನವೂ ಹೇಗೆ ಎದ್ದಿತು, ಹೇಗೆ ಉಂಡಿತು ಎಂದು ನನಗೆ ಓದುವ ಆಸೆ.

ಪಡಸಾಲೆಯ ನಿಯಮಗಳನ್ನು ನಾಲ್ವರೇ ಮಾಡಿಕೊಂಡರು. ಒಳ್ಳೆಯ ಕೈಯನ್ನು ಟವೆಲ್ಲಿನಿಂದ ಸೊಂಟಕ್ಕೆ ಕಟ್ಟಿಕೊಂಡು ಚೌಕಾಬಾರಾ ಆಡಬೇಕು. ಕವಡೆ ಬೀಸಲು ಮುಷ್ಟಿ ಬಿಚ್ಚಲೇಬೇಕಲ್ಲ! ಒಳ್ಳೆಯ ಕೈ ಕಟ್ಟಿ ಕೆಟ್ಟ ಕೈಯನ್ನು ದುಡಿಸುವ ಈ ಪದ್ಧತಿಯನ್ನು ಎಡ್ವರ್ಡ್ ಟಾಬ್ ಎಂಬ ಅಮೆರಿಕನ್ ವಿಜ್ಞಾನಿ ಮಂಗಗಳ ಮೇಲಿನ ಪ್ರಯೋಗದಿಂದ ಬೆಳೆಸಿದ್ದು. ಕೈಯಲ್ಲಿ ಸ್ವಲ್ಪವಾದರೂ ಚಲನೆ ಉಳಿದವರಿಗೇ ಅದು, ಎಲ್ಲರಿಗಲ್ಲ. “ಅಜ್ಜನ ಕೈ ಕಟ್ಟಿ ಹಾಕ್ಯಾರ, ಕಳವು ಮಾಡ್ಯಾನ” ಎಂದು ಶಾಲೆ ಬಿಟ್ಟ ಹುಡುಗರು ಬಾಗಿಲಲ್ಲಿ ಗುಂಪುಗೂಡುತ್ತಾರೆ. ಕಾಕಾ ಟವೆಲ್ ಸಡಿಲಿಸಿ ಬಲಗೈ ಹಾಕಿದರೆ ಡ್ರೈವರ್ ಕೂಗುತ್ತಾನೆ. ಅವನು ಹೆಚ್ಚು ಮಾತಾಡುವವನಲ್ಲ, ಕೂಗುವುದು ಅದೊಂದಕ್ಕೇ.

ಗಿರಣಿ ಬಂದ ಮೇಲೆ ಮೂಲೆ ಸೇರಿದ್ದ ಬೀಸುವ ಕಲ್ಲೂ ಹೊರಬಂತು. ಎದುರಾಬದರು ಇಬ್ಬರು ಕೂತು ಒಂದೇ ಗೂಟ ಹಿಡಿದು ಬೀಸುವುದು. ಅಕ್ಕನ ಕೈ ಕೆಳಗೆ, ಚಿಗವ್ವನ ಕೈ ಮೇಲೆ. ಕಲ್ಲು ತಿರುಗಿದಂತೆ ಸೋತ ಕೈಯೂ ತಿರುಗುತ್ತದೆ. ಒಂದು ಎಚ್ಚರ: ಸೋತ ಕೈಯನ್ನು ಹಿಡಿದು ಯಾರನ್ನೂ ಎಬ್ಬಿಸಬಾರದು, ಭುಜದ ಕೀಲು ಜಾರುತ್ತದೆ. ಮಾತಾಡಿಸಲು ಬಂದವರು ಮೊದಲು ಮಾಡುವುದೇ ಅದನ್ನು.

ಅಕ್ಕನ ಮೊದಲ ರೊಟ್ಟಿ ಧಾರವಾಡ ಜಿಲ್ಲೆಯ ನಕಾಶೆಯ ಹಾಗಿತ್ತು. ಸೊಸೆ ಬೇಯಿಸಿ ತಂದಳು, ಐದು ಮಂದಿ ಹರಿದು ತಿಂದೆವು. ಯಾರದೂ ಪೂರ್ತಿ ವಾಸಿಯಾಗಿಲ್ಲ. ಅಜ್ಜನ ಮಾತು ಬಂದಿಲ್ಲ, ಡ್ರೈವರ್ ಸ್ಟೇರಿಂಗ್ ಹಿಡಿದಿಲ್ಲ. ಕಾಕಾ ಅಜವಾನ ತಿಕ್ಕುತ್ತಾನೆ, ಚಪ್ಪಾಳೆಯೂ ಕೇಳುತ್ತದೆ. ಧೂಳು ಹಾರಿಸುವ ನೆಪದಲ್ಲಿ ಅರ್ಧ ಅಜವಾನ ಎದುರಿನವರ ಕಣ್ಣಿಗೆ.

ಈಗ ಹೆಸರು ಬಂದಿದೆ. ಮೂರು ಮನೆಯವರು ತಮ್ಮ ಕಾಳು ಹಸನು ಮಾಡಲು ಪಡಸಾಲೆಗೆ ಕಳಿಸಿದ್ದಾರೆ, ಕೇರುವ ಮರ ಮಾತ್ರ ಎರಡೇ ಇವೆ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಬಿದಿರಿನ ಮರ ಇದ್ದರೆ ಕುಬಿಹಾಳದ ಕಡೆ ಬರುವವರ ಕೈಯಲ್ಲಿ ಕೊಟ್ಟು ಕಳಿಸಿರಿ. ಪ್ಲಾಸ್ಟಿಕ್ಕಿನದು ಬೇಡ, ಜಾರುತ್ತದೆ.